ಬಾಗಿಲು ಮುಚ್ಚಿದ ಮೇಲಿನ ಕತ್ತಲೆ

ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಆರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಈ ಭೂಮಂಡಲದಲ್ಲಿ ಎದೆ ತಟ್ಟಿ ಉತ್ತರ ಹೇಳಬಲ್ಲವನು ತಾನೊಬ್ಬನೇ ಎಂದು ತಂಪಣ್ಣ ಮೂವತ್ತನಾಲ್ಕು ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಯಾರು ಕೇಳಿದರೂ ಒಂದೇ ಉತ್ತರ: "ಆರುತ್ತೆ. ನನ್ನ ಮನೆ ಫ್ರಿಜ್ಜಿನೊಳಗಿನ ಕತ್ತಲೆ ಮುಂದೆ ಬಾವಿ ತಳ ಕೂಡ ಹಗಲು." ಹೀಗೆ ಹೇಳುವ ಹಕ್ಕು ಅವನಿಗಿತ್ತು ಎನ್ನಿ. ಅವನು ರಿಪೇರಿ ಮಾಡಿದ ಫ್ರಿಜ್ಜುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಮೋಡ ಮುಟ್ಟಬಹುದಿತ್ತು. ಕೆಟ್ಟು ನಿಂತ ಫ್ರಿಜ್ಜು ಅವನ ಸ್ಕೂಟರಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದ ಕೂಡಲೇ ಹೆದರಿ ತಾನಾಗಿಯೇ ತಣ್ಣಗಾಗುತ್ತಿತ್ತು ಎಂದು ಜನ ಹೇಳುತ್ತಿದ್ದರು. ಆ ಜನರಲ್ಲಿ ಮೊದಲನೆಯವನು ಅವನೇ. ಅವನ ನಿಜವಾದ ಹೆಸರು ಏನೆಂಬುದು ಅಂಚೆಯವನಿಗೂ ಮರೆತುಹೋಗಿ, ಕಾಗದಗಳು ಕೂಡ ತಂಪಣ್ಣ ಎಂಬ ವಿಳಾಸಕ್ಕೇ ಬರುತ್ತಿದ್ದವು.

ಆದರೆ ಇದು ತಂಪಣ್ಣನ ಕತೆಯಲ್ಲ. ಯಾವ ಕತೆಯಲ್ಲೂ ಮೊದಲು ನುಗ್ಗಿ ಕುರ್ಚಿ ಹಿಡಿಯುವುದು ಅವನ ಅಭ್ಯಾಸವಾದ್ದರಿಂದ ಇಲ್ಲೂ ನುಗ್ಗಿದ್ದಾನೆ. ಇದು ಅವನ ಹೆಂಡತಿಯ ಕತೆ. ಬೀದಿಗೆಲ್ಲ ಆಕೆ ತಂತಿಯಕ್ಕ.

ತಂತಿಯಕ್ಕ ಟೆಲಿಫೋನ್ ಮಾಡುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಬೆಸುಗೆ ಹಾಕಿದವಳು. ಕಿಟಕಿಯಿಂದ ಮೂರನೆಯ ಮೇಜು, ಒಂಟಿ ಕಾಲಿನ ಭೂತಗನ್ನಡಿ, ಎಡಗೈಯಲ್ಲಿ ಸೀಸದ ತಂತಿ. ಆಕೆ ಹಾಕಿದ ಬೆಸುಗೆಯ ಮಣಿ ಎಷ್ಟು ನುಣುಪೆಂದರೆ ಅದರಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ಅದರ ಮೇಲೆ ಹತ್ತಲು ಹೋದ ಇರುವೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಕಾರ್ಖಾನೆ ಮುಚ್ಚಿದ ದಿನ ಉಳಿದವರು ಕುರ್ಚಿ, ಫ್ಯಾನು, ಗಡಿಯಾರ ಹೊತ್ತುಕೊಂಡು ಹೋದರೆ ಆಕೆ ಆ ಭೂತಗನ್ನಡಿಯೊಂದನ್ನು ಕೇಳಿ ಪಡೆದು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಮರುದಿನವೇ ಹಿತ್ತಲ ಕಡೆಯ ಬಚ್ಚಲುಮನೆಯಿಂದ ಹಂಡೆ, ಬಕೆಟ್ಟು ಎಲ್ಲ ಹೊರಗೆ ಬಂದವು. ಅಂದಿನಿಂದ ಅಡುಗೆಮನೆ ತಂಪಣ್ಣನದು, ಬಚ್ಚಲುಮನೆ ತಂತಿಯಕ್ಕನದು. ಮದುವೆಯಾದ ಮೇಲೆ ಅವರಿಬ್ಬರೂ ಜಗಳವಿಲ್ಲದೆ ಮಾಡಿಕೊಂಡ ಒಪ್ಪಂದ ಅದೊಂದೇ.

ಬೀದಿಯಲ್ಲಿ ಆಕೆಯ ಕೈಗುಣ ಸೇರದ ಮನೆಯಿಲ್ಲ. ಕಿವಿ ಕೇಳದ ಗಡಿಯಾರದಂಗಡಿಯವನಿಗೆ, ಗಿರಾಕಿ ಹೊಸ್ತಿಲು ತುಳಿದರೆ ಮೇಜಿನ ಮೇಲೆ ಕೆಂಪು ದೀಪ ಹತ್ತುವಂತೆ ಮಾಡಿಕೊಟ್ಟಳು. ನೀರಿನ ಟ್ಯಾಂಕು ತುಂಬಿದರೆ ಕೂಗುವ ಪೆಟ್ಟಿಗೆಯೊಂದನ್ನು ಮಾಡಿ ಅದರೊಳಗೆ ತನ್ನದೇ ದನಿ ತುಂಬಿದಳು: "ನೀರು ತುಂಬಿದೆ, ಮೋಟರ್ ಆರಿಸಿ." ಅದು ಮೊದಲ ಸಲ ಕೂಗಿದಾಗ ಇಡೀ ಬೀದಿಯ ಗಂಡಸರು ಎದ್ದು ಓಡಿ ಮೋಟರ್ ಆರಿಸಿದರಂತೆ, ಮೋಟರ್ ಇಲ್ಲದವರು ಸಹ.

ಇಂಥ ಪೆಟ್ಟಿಗೆಗಳ ಹೊಟ್ಟೆಯೊಳಗೆ ತಾಮ್ರದ ಗೆರೆಗಳಿರುವ ಬೋರ್ಡು ಬೇಕು. ಪೇಟೆಯಲ್ಲಿ ಸಿಗದ ಬೋರ್ಡನ್ನು ಆಕೆ ಮನೆಯಲ್ಲೇ ಮಾಡುತ್ತಿದ್ದಳು. ಅದಕ್ಕೊಂದು ಫಿಲ್ಮು ಬರುತ್ತದೆ, ತಿಳಿ ಹಸಿರು ಬಣ್ಣದ್ದು, ಎರಡು ಪ್ಲಾಸ್ಟಿಕ್ ಪದರಗಳ ನಡುವೆ ಸುರುಳಿಯಾಗಿ ಮಲಗಿರುತ್ತದೆ. ಅದನ್ನು ತಾಮ್ರದ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ, ಮೇಲೆ ನಕ್ಷೆಯ ಹಾಳೆ ಇಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದ ಗೆರೆ ನೇರಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ, ಬೀಳದ ಕಡೆ ಬಟ್ಟೆ ಸೋಡಾದ ನೀರಿನಲ್ಲಿ ತೊಳೆದುಹೋಗುತ್ತದೆ. ಬೆಳಕು ಬೀಳಬೇಕಾದ್ದು ಆ ಒಂದೇ ಸಲ. ಅದಕ್ಕೆ ಮೊದಲು ಬಿದ್ದರೆ ಫಿಲ್ಮು ಸತ್ತಂತೆ. ಹಳದಿ ದೀಪವೊಂದನ್ನು ಮಾತ್ರ ಅದು ಸಹಿಸುತ್ತದೆ. ಮೇಲಾಗಿ ಅದಕ್ಕೆ ಸೆಖೆ ಆಗದು, ತೇವ ಆಗದು, ಧೂಳು ಆಗದು. ಇಷ್ಟು ಸೂಕ್ಷ್ಮ ತನ್ನ ಅತ್ತೆಯಲ್ಲೂ ಇರಲಿಲ್ಲ ಎಂದು ತಂಪಣ್ಣ ಹೇಳುತ್ತಿದ್ದ.

ತಂತಿಯಕ್ಕ ಆ ಫಿಲ್ಮನ್ನು ಕಾಪಾಡಿದ ಬಗೆಯನ್ನು ಖಜಾನೆ ಕಾಯುವವರು ಬಂದು ಕಲಿಯಬೇಕಿತ್ತು. ಬಚ್ಚಲುಮನೆಯನ್ನು ಕತ್ತಲೆ ಮಾಡಿದ ದಿನ ಆಕೆ ಕಿಟಕಿಗೆ ಹಲಗೆ ಬಡಿದು, ಬಾಗಿಲು ಹಾಕಿಕೊಂಡು ಒಳಗೆ ಮಣೆಯ ಮೇಲೆ ಸುಮ್ಮನೆ ಕೂತಳು. ಹದಿನೈದು ನಿಮಿಷ. ಕಣ್ಣು ಕತ್ತಲೆಗೆ ಪಳಗಿದ ಮೇಲೆ ಬಾಗಿಲ ಸಂದಿಯಲ್ಲಿ ಕೂದಲೆಳೆಯಂಥ ಬೆಳಕು ಕಂಡಿತು, ಅದಕ್ಕೆ ಕಪ್ಪು ಟೇಪು. ಮತ್ತೆ ಹದಿನೈದು ನಿಮಿಷ. ಹೀಗೆ ಮೂರು ದಿನ ಕೂತು ಹನ್ನೊಂದು ಕಡೆ ಟೇಪು ಹಚ್ಚಿದಳು. ಹೊರಗಿನಿಂದ ನೋಡಿದರೆ ಸಾಲದೇ ಎಂದು ತಂಪಣ್ಣ ಕೇಳಿದ್ದಕ್ಕೆ, "ಕತ್ತಲೆ ಇದೆಯೋ ಇಲ್ವೋ ಅನ್ನೋದು ಹೊರಗೆ ನಿಂತೋರಿಗೆ ಗೊತ್ತಾಗಲ್ಲ ಕಣ್ರೀ" ಎಂದಿದ್ದಳು. ಸುರುಳಿಗೆ ಹಳೆಯ ಕೊಡೆಯ ಕಪ್ಪು ಬಟ್ಟೆ ಸುತ್ತಿ, ತೇವ ಹೀರಲೆಂದು ಹುರಿದ ಅಕ್ಕಿಯ ಪುಟ್ಟ ಪೊಟ್ಟಣ ಜೊತೆಗಿಟ್ಟು, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ತಾರೀಖು ಬರೆದ ಚೀಟಿ ಅಂಟಿಸಿ ಫ್ರಿಜ್ಜಿಗೆ ಕೊಡುತ್ತಿದ್ದಳು. ಫ್ರಿಜ್ಜು ಅಡುಗೆಮನೆಯಲ್ಲಿದ್ದದ್ದರಿಂದ ಅದು ತಂಪಣ್ಣನ ಸಾಮ್ರಾಜ್ಯ.

ಈ ಡಬ್ಬಿ ತಂಪಣ್ಣನ ಕಣ್ಣಿಗೆ ಕಸವಾಗಿತ್ತು. ಡಬ್ಬಿಯೊಳಗೆ ಡಬ್ಬಿ ಯಾಕೆ, ಫ್ರಿಜ್ಜು ಎಂದರೇ ಕತ್ತಲೆಯ ಡಬ್ಬಿಯಲ್ಲವೇ ಎಂದು ಅವನ ವಾದ. ಆಕೆ ಒಂದೇ ಮಾತು ಹೇಳಿ ಮುಗಿಸಿದ್ದಳು: "ನಿಮ್ಮ ಫ್ರಿಜ್ಜಿನಿಂದ ನನಗೆ ಬೇಕಾಗಿರೋದು ತಂಪು ಮಾತ್ರ. ಕತ್ತಲೆ ನನ್ನದೇ ಇದೆ."

ಆ ಮಾತು ತಂಪಣ್ಣನಿಗೆ ಮುಳ್ಳಿನಂತೆ ಚುಚ್ಚಿತು. ಏಕೆಂದರೆ ಅದೇ ವರ್ಷ ಅವನು ಆ ಫ್ರಿಜ್ಜಿಗೆ ಎರಡು ಉಪಕಾರ ಮಾಡಿದ್ದ. ಹಳೆಯ ಮಂಕು ಹಳದಿ ಬಲ್ಬು ತೆಗೆದು ಹಾಲಿನಂಥ ಬಿಳಿ ಎಲ್‌ಇಡಿ ಹಾಕಿದ್ದ. ಅದರ ಬೆಳಕಿಗೆ ನಿಂಬೆಹಣ್ಣು ಕೂಡ ನಾಚಿ ಬಿಳಿಚಿಕೊಳ್ಳುತ್ತಿತ್ತು. ಬಾಗಿಲಿಗೆ ದಪ್ಪನೆಯ ಹೊಸ ರಬ್ಬರ್ ಪಟ್ಟಿ ಹಾಕಿದ್ದ. ಇನ್ನು ಆ ಬಾಗಿಲು ದಾಟಿ ಗಾಳಿಯಿರಲಿ, ಗಾಳಿಸುದ್ದಿ ಕೂಡ ಒಳಗೆ ಹೋಗದು ಎಂದು ಸಾರಿದ್ದ.

ತಂಗಿಯ ಮಂಡಿಯ ಆಪರೇಷನ್ನಿಗೆಂದು ತಂತಿಯಕ್ಕ ಹನ್ನೆರಡು ದಿನ ಊರಿಗೆ ಹೋದಾಗ ತಂಪಣ್ಣನಿಗೆ ಗ್ಯಾಸ್ ಪೈಪಿನ ಹಿತ್ತಾಳೆ ನಟ್ಟುಗಳನ್ನು ಹಾಕಿಡಲು ಡಬ್ಬಿ ಬೇಕಾಯಿತು. ಬೀದಿಯಲ್ಲಿ ಬೇರೆ ಡಬ್ಬಿ ಇರಲಿಲ್ಲವೆಂದಲ್ಲ. ಸುರುಳಿಯನ್ನು ಹೊರತೆಗೆದ. ಕೊಡೆಯ ಬಟ್ಟೆ ಕೈಗೆ ಬಂದದ್ದರಿಂದ ಅದರಲ್ಲಿ ಸ್ಕೂಟರಿನ ಸೀಟು ಒರೆಸಿದ. ಸುರುಳಿಯನ್ನು ಅದರ ತೆಳು ಪ್ಲಾಸ್ಟಿಕ್ ಚೀಲದಲ್ಲೇ ಮೇಲಿನ ತಟ್ಟೆಯ ಮೇಲೆ, ಟೊಮೆಟೊ ಪಕ್ಕದಲ್ಲಿ, ದೊರೆಮಗನಂತೆ ಮಲಗಿಸಿ ಬಾಗಿಲು ಮುಚ್ಚಿದ. ಒಳಗೆ ಕತ್ತಲೆಯೇ ಇರುವಾಗ ಚಿಂತೆ ಏನು? ಆಕೆ ಬರುವ ಹಿಂದಿನ ದಿನ ಎಲ್ಲವನ್ನೂ ಮೊದಲಿನಂತೆ ಬಟ್ಟೆ ಸುತ್ತಿ ಡಬ್ಬಿಗೆ ಹಾಕಿದ. ಬಟ್ಟೆಗೆ ತುಸು ಗ್ರೀಸಿನ ವಾಸನೆ ಹತ್ತಿತ್ತು, ಅಷ್ಟೆ.

ಆಕೆ ಬಂದ ಮರುದಿನ ಬೆಳಿಗ್ಗೆಯೇ ಟೈಲರ್ ಬಂದು ಬಾಗಿಲಲ್ಲಿ ನಿಂತ.

ಟೈಲರ್ ಎಂದರೆ ಎದುರು ಸಾಲಿನ ಅಂಗಡಿಯವನು, ತಂಪಣ್ಣನ ಜೊತೆ ನಲವತ್ತು ವರ್ಷದಿಂದ ಚದುರಂಗ ಆಡಿ ಸೋಲುತ್ತ ಬಂದವನು, ಅಥವಾ ಅವನನ್ನು ಕೇಳಿದರೆ ಗೆಲ್ಲುತ್ತ ಬಂದವನು. ಗಂಟಲಿನ ಕಾಯಿಲೆಗೆ ಐದು ವರ್ಷದ ಹಿಂದೆ ಡಾಕ್ಟರು ಅವನ ಧ್ವನಿಪೆಟ್ಟಿಗೆ ತೆಗೆದುಹಾಕಿದ್ದರು. ಅಂದಿನಿಂದ ಟಾರ್ಚಿನಂಥ ಒಂದು ಯಂತ್ರವನ್ನು ಗಂಟಲಿಗೆ ಒತ್ತಿ ಹಿಡಿದು ಮಾತಾಡುತ್ತಿದ್ದ. ದುಂಬಿಯೊಂದು ತಗಡಿನ ಡ್ರಮ್ಮಿನೊಳಗೆ ಕೂತು ಭಾಷಣ ಮಾಡಿದಂಥ ದನಿ. ಆದರೂ ಬೈಗುಳ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಯಂತ್ರ ಒಂಬತ್ತು ದಿನದ ಹಿಂದೆ ಇಸ್ತ್ರಿಗೆ ಚಿಮುಕಿಸುವ ನೀರಿನ ಬಕೆಟ್ಟಿಗೆ ಬಿದ್ದು, ಒಳಗಿನ ಬೋರ್ಡು ಕೊಳೆತುಹೋಗಿತ್ತು. ಮಾಡಿದ ಕಂಪನಿ ಮುಚ್ಚಿದೆ. ಆಸ್ಪತ್ರೆಯವರು ಹೊಸದಕ್ಕೆ ಎರಡು ತಿಂಗಳು ಕಾಯಬೇಕು ಎಂದಿದ್ದಾರೆ.

ಅವನು ಅಳತೆ ಬರೆಯುವ ಪುಸ್ತಕದಲ್ಲಿ ಬರೆದು ತೋರಿಸಿದ್ದು ತನ್ನ ಬಗ್ಗೆ ಅಲ್ಲ, ತಾಯಿಯ ಬಗ್ಗೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ತೊಂಬತ್ತೊಂದು ವರ್ಷದ ತಾಯಿ ಇದ್ದಳು. ಎರಡು ಕಣ್ಣೂ ಕಾಣದು, ನೆನಪೂ ಅಷ್ಟಕ್ಕಷ್ಟೆ. ಚೀಟಿ ಓದಿಕೊಳ್ಳಲಾರಳು. ಆ ಗುಂಯ್ ಎನ್ನುವ ದನಿಯೇ ಅವಳಿಗೆ ಮಗ. ದನಿ ನಿಂತ ದಿನದಿಂದ ಮಗ ಎಲ್ಲಿ ಎಂದು ಕೇಳುತ್ತಿದ್ದಾಳೆ. ಅವನು ಕೈ ಹಿಡಿದರೆ ಬೆರಳು ತಡವಿ ನೋಡಿ, ಸೂಜಿ ಚುಚ್ಚಿ ಗಟ್ಟಿಯಾದ ಬೆರಳು, ಅಂಗಡಿಯ ಕೆಲಸದವನಿರಬೇಕು ಎನ್ನುತ್ತಾಳೆ. ಅಕ್ಕಪಕ್ಕದವರು ಹೇಳಲು ಹೋದರೆ, ಅವನಿಗೇನೋ ಆಗಿದೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದೀರಿ ಎಂದು ಅಳುತ್ತಾಳೆ. ಈಗ ಎರಡು ದಿನದಿಂದ ಹೃದಯದ ಮಾತ್ರೆಯನ್ನೂ ಬಿಟ್ಟಿದ್ದಾಳೆ. ಮಗ ಬಂದು ಹೇಳಿದರೆ ಮಾತ್ರ ನುಂಗುತ್ತಾಳಂತೆ.

ತಂತಿಯಕ್ಕ ಪುಸ್ತಕ ಮುಚ್ಚಿ ಕೊಟ್ಟಳು. ಯಂತ್ರವನ್ನು ಬಿಚ್ಚಿ ಬೋರ್ಡು ನೋಡಿದಳು. ಎರಡು ಬೆರಳಗಲ, ಅದರಲ್ಲಿ ಗೆರೆಗಳು ಕೂದಲಿಗಿಂತ ಒಂದಿಷ್ಟೇ ದಪ್ಪ. ಕೈಯಲ್ಲಿ ಬರೆದರೆ ಒಂದರ ಮೇಲೊಂದು ಹತ್ತುತ್ತವೆ, ಫಿಲ್ಮಿನಲ್ಲೇ ಆಗಬೇಕು. "ಗುರುವಾರಕ್ಕೆ ಕೊಡ್ತೀನಿ, ಹೋಗಿ ಅಮ್ಮನ ಹತ್ತಿರ ಕೂತ್ಕೊಳ್ಳಿ" ಎಂದಳು. ಗುರುವಾರ ಎನ್ನುವುದು ಬರೀ ಮಾತಲ್ಲ ಎಂದು ಬೀದಿಗೆ ಗೊತ್ತಿತ್ತು. ಆಕೆ ಗುರುವಾರ ಎಂದರೆ ಬುಧವಾರ ತಾನೇ ಜಾಗ ಬಿಟ್ಟು ಸರಿಯುತ್ತಿತ್ತು.

ಎರಡು ದಿನ ಭೂತಗನ್ನಡಿಯ ಕೆಳಗೆ ಕೊಳೆತ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿ ನಕ್ಷೆ ಬರೆದಳು. ಬುಧವಾರ ಬೆಳಿಗ್ಗೆ ಡಬ್ಬಿ ತೆಗೆದಿಡಲು ಹೇಳಿದಳು. ತಣ್ಣಗಿರುವಾಗ ಬಿಚ್ಚಿದರೆ ಬೆವರುತ್ತದೆ, ಎರಡು ಗಂಟೆ ಯಾರೂ ಮುಟ್ಟಬಾರದು ಎಂಬುದು ಆಕೆಯ ಕಾಯಂ ಅಪ್ಪಣೆ. ತಂಪಣ್ಣ ಡಬ್ಬಿಯ ಎದುರು ಕಾವಲು ಕೂತು ಬೀನ್ಸ್ ಬಿಡಿಸಿದ.

ಎರಡು ಗಂಟೆಯ ಮೇಲೆ ಆಕೆ ಡಬ್ಬಿ ಹಿಡಿದು ಬಚ್ಚಲುಮನೆಯ ಹಳದಿ ಬೆಳಕಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು ನಿಂತಳು. ಕೈಯಲ್ಲಿ ಸುರುಳಿಯ ತುದಿ. ಹಸಿರಿರಬೇಕಾದ ಕಡೆ ನೇರಳೆ, ಬದನೆಕಾಯಿ ಸಿಪ್ಪೆಯಂಥ ನೇರಳೆ.

ತಂಪಣ್ಣನ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತು. ಹಳೆಯ ಮಾಲು ಬಂದಿರಬೇಕು ಎಂದ. ಕಳಿಸಿದವರೇ ಸರಿಯಿಲ್ಲ ಎಂದ. ಆಕೆ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಹೋದ ಸಲ ಕತ್ತರಿಸುವಾಗ ತನ್ನ ಬಚ್ಚಲುಮನೆಯಲ್ಲೇ ಎಲ್ಲೋ ಬೆಳಕು ಸೋರಿರಬೇಕು ಎಂದು, ಕಪ್ಪು ಟೇಪು ಹಿಡಿದು ಮತ್ತೆ ಒಳಗೆ ಹೋಗಿ, ಹಳದಿ ದೀಪವನ್ನೂ ಆರಿಸಿ, ಆ ಹಳೆಯ ಮಣೆಯ ಮೇಲೆ ಕೂತಳು.

ಹದಿನೈದು ನಿಮಿಷ ಹೋಯಿತು, ಮೂವತ್ತಾಯಿತು. ತಂಪಣ್ಣ ಹೊರಗೆ ನಿಂತು ಬಾಗಿಲನ್ನು ನೋಡುತ್ತಿದ್ದ. ಒಳಗೆ ಇಲ್ಲದ ಸಂದಿಯನ್ನು ಹುಡುಕುತ್ತ ಕೂತವಳ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಮುಕ್ಕಾಲು ಗಂಟೆಯ ಹೊತ್ತಿಗೆ ಒಳಗಿನಿಂದ ಮಾತು ಕೇಳಿತು, ತನಗೇ ಹೇಳಿಕೊಂಡಂತೆ.

"ಏನೂ ಕಾಣ್ತಿಲ್ಲ. ನನ್ನ ಕಣ್ಣೇ ಹೋಯ್ತೋ ಏನೋ. ಇದೊಂದು ಆದ್ರೆ ಸಾಕು, ಇನ್ನು ಈ ಕೆಲಸ ಬಿಟ್ಟುಬಿಡ್ತೀನಿ."

ತಂಪಣ್ಣ ಜೀವಮಾನದಲ್ಲಿ ಹೇಳಿದ ಸುಳ್ಳುಗಳು ಎಲ್ಲವೂ ದೊಡ್ಡವು, ಯಾರಿಗೂ ನೋವಾಗದಂಥವು. ಸುಮ್ಮನಿದ್ದು ಹೇಳುವ ಸುಳ್ಳು ಅವನಿಗೆ ಅಭ್ಯಾಸವಿರಲಿಲ್ಲ. ಬಾಗಿಲಿಗೆ ಬಾಯಿ ತಂದು ಹೇಳಿದ: "ಕಣ್ಣು ಚೆನ್ನಾಗೇ ಇದೆ ಕಣೇ. ಡಬ್ಬಿ ನಾನು ತಗೊಂಡಿದ್ದೆ. ನಟ್ಟು ಹಾಕೋಕೆ."

ಒಳಗೆ ಮಣೆ ಸರಿದ ಸದ್ದು. "ಎಷ್ಟು ದಿನ?"

"ನೀನು ಊರಲ್ಲಿದ್ದಷ್ಟೂ ದಿನ. ಆದ್ರೆ ಫ್ರಿಜ್ಜಲ್ಲೇ ಇತ್ತು. ಕತ್ತಲೇಲೇ ಇತ್ತು."

ಆಕೆ ಬೈದಿದ್ದರೆ ಅವನಿಗೆ ಸುಖವಾಗುತ್ತಿತ್ತು. ಬೈಯಲಿಲ್ಲ. ಹಳದಿ ದೀಪ ಹಾಕಿ ಸುರುಳಿಯನ್ನು ಬಿಚ್ಚುತ್ತ ಹೋದಳು. ಒಂದು ಸುತ್ತು ನೇರಳೆ, ಎರಡು ಸುತ್ತು ನೇರಳೆ. ಅಂಚುಗಳೆಲ್ಲ ಬೆರಳಗಲ ಸತ್ತಿದ್ದವು. ಹೊರಗಿನ ಸುತ್ತುಗಳು ಬೆಳಕನ್ನು ತಾವೇ ಕುಡಿದು ಒಳಗಿನವನ್ನು ಕಾಪಾಡಿದ್ದವು. ಕಟ್ಟಕಡೆಯ ಸುತ್ತಿನ ನಡುವೆ, ಅಂಗೈಯಷ್ಟು ಜಾಗದಲ್ಲಿ, ಎಳೆ ಗರಿಕೆಯಂಥ ಹಸಿರು ಉಳಿದಿತ್ತು. ಹೊಸ ಸುರುಳಿ ತರಿಸಲು ಮೂರು ವಾರ. ಇದೊಂದೇ.

ಆ ಹಸಿರಿನ ಅಂಚಿನಿಂದ ಆಕೆ ಸಣ್ಣದೊಂದು ಚೂರು ಕತ್ತರಿಸಿದಾಗ ತಂಪಣ್ಣನಿಗೆ ತನ್ನ ಕಿವಿಯನ್ನೇ ಕತ್ತರಿಸಿದಂತಾಯಿತು. ಆಕೆ ಚೂರನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಅಡುಗೆಮನೆಯ ಕಿಟಕಿ ಮುಚ್ಚಿ, ಫ್ರಿಜ್ಜಿನ ಮೇಲಿನ ತಟ್ಟೆಯ ಮೇಲೆ ಅದನ್ನಿಟ್ಟು, ಮೇಲೆ ಒಂದು ನಾಣ್ಯ ಇಟ್ಟು ಬಾಗಿಲು ಮುಚ್ಚಿದಳು. ಮೂರು ಸೆಕೆಂಡು ಕೂಡ ಆಗಿರಲಿಲ್ಲ. ಒಂದು ಗಂಟೆಯ ಮೇಲೆ ಅಷ್ಟೇ ಬೇಗ ತೆಗೆದು, ಬಚ್ಚಲುಮನೆಗೆ ಅವನನ್ನೂ ಕರೆದೊಯ್ದು ನಾಣ್ಯ ಎತ್ತಿದಳು.

ಸುತ್ತಲೂ ನೇರಳೆ. ನಾಣ್ಯವಿದ್ದ ಕಡೆ ದುಂಡಗೆ, ಚಂದ್ರನಂತೆ, ಹಸಿರು.

ತಂಪಣ್ಣ ಆ ಹಸಿರು ಚಂದ್ರನನ್ನು ನೋಡುತ್ತ ನಿಂತ. ಮೂವತ್ತನಾಲ್ಕು ವರ್ಷದ ಮಾತು ಒಂದು ನಾಣ್ಯದ ಕೆಳಗೆ ಸತ್ತು ಬಿದ್ದಿತ್ತು. ಹೋಗಿ ಫ್ರಿಜ್ಜಿನ ಎದುರು ಮಂಡಿಯೂರಿದ. ಬಾಗಿಲ ಪಕ್ಕದಲ್ಲಿ ದೀಪ ಆರಿಸುವ ಗುಂಡಿಯಿದೆ. ಬಾಗಿಲು ಬಂದು ಒತ್ತಿದರೆ ದೀಪ ಆರಬೇಕು. ಅವನು ಹಾಕಿದ ದಪ್ಪ ರಬ್ಬರಿನಿಂದಾಗಿ ಬಾಗಿಲು ಬಿಗಿಯಾಗಿ ಕೂರುತ್ತಿತ್ತು, ಆದರೆ ಗುಂಡಿಯಿಂದ ಅಕ್ಕಿಕಾಳಿನಷ್ಟು ದೂರದಲ್ಲಿ. ಹಳೆಯ ಬಲ್ಬಾಗಿದ್ದರೆ ಒಳಗೆ ಉರಿದು ಬಿಸಿಯಾಗಿ, ಹಾಲು ಒಡೆದು, ಒಂದೇ ದಿನಕ್ಕೆ ಗುಟ್ಟು ರಟ್ಟಾಗುತ್ತಿತ್ತು. ಅವನು ಹಾಕಿದ ಬಿಳಿ ದೀಪಕ್ಕೆ ಬಿಸಿಯೇ ಇಲ್ಲ. ತಿಂಗಳುಗಟ್ಟಲೆ ಟೊಮೆಟೊಗಳಿಗೆ ಹಗಲಿರುಳು ಬೆಳಕು ಕೊಡುತ್ತ ಮೆಲ್ಲಗೆ ಉರಿದುಕೊಂಡಿತ್ತು. ಎರಡು ಉಪಕಾರವೂ ಸೇರಿ ಒಂದು ಅಪಕಾರ. ಬೇರೆ ಯಾವ ಮನೆಯಲ್ಲಾದರೂ ಇದನ್ನು ಕಂಡಿದ್ದರೆ ತಂಪಣ್ಣ ಆ ಮೆಕ್ಯಾನಿಕ್ಕನ್ನು ಏಳು ಬೀದಿಗೆ ಕೇಳುವಂತೆ ಉಗಿಯುತ್ತಿದ್ದ.

ಗುರುವಾರ ನಡು ಹಗಲಿಗೆ ಆಕೆ ತಯಾರಾದಳು. ಅಂಗೈಯಷ್ಟು ಹಸಿರಿನಲ್ಲಿ ಎರಡು ಬೆರಳಗಲ ಕತ್ತರಿಸಿ, ಉಜ್ಜಿ ಹೊಳೆಯಿಸಿದ ತಾಮ್ರದ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಗುಳ್ಳೆ ಬಾರದಂತೆ ಅಂಟಿಸಿದಳು. ನಕ್ಷೆ ಇಟ್ಟು, ಗಾಜು ಮುಚ್ಚಿ, ಕಪ್ಪು ಬಟ್ಟೆ ಹೊದಿಸಿ ಹಿತ್ತಲಿಗೆ ತಂದಳು. ಆಕೆಯ ಎರಡು ಕೈಯೂ ಗಾಜಿನ ಮೇಲಿದ್ದವು. ಬಟ್ಟೆ ಎಳೆಯಲು ಮತ್ತು ಎಣಿಸಲು ಬೇರೊಬ್ಬರು ಬೇಕು. ತಂಪಣ್ಣ ತಪ್ಪಿತಸ್ಥನಂತೆ ಗೋಡೆಗೊರಗಿ ನಿಂತಿದ್ದ.

"ಬನ್ನಿ, ಎಣಿಸಿ" ಎಂದಳು. "ಎಂಟು ಅಂದ್ರೆ ಎಂಟೇ ಸೆಕೆಂಡು. ನಿಮ್ಮ ಎಂಟು ಅಲ್ಲ."

ತಂಪಣ್ಣ ಗಡಿಯಾರ ನೋಡಿ ಎಣಿಸಿದ. ಬದುಕಿನಲ್ಲಿ ಮೊದಲ ಬಾರಿಗೆ, ಕೂಡಿಸದೆ ಕಳೆಯದೆ, ಇದ್ದದ್ದು ಇದ್ದಷ್ಟೇ ಹೇಳಿದ. ಆ ಎಂಟು ಸೆಕೆಂಡಿನಲ್ಲಿ ತನಗೆ ಎಂಟು ವರ್ಷ ವಯಸ್ಸಾಯಿತು ಎಂದು ಆಮೇಲೆ ಹೇಳಿಕೊಂಡ. ಅಷ್ಟರಲ್ಲಿ ಅಭ್ಯಾಸ ಮರಳಿತ್ತು.

ಸೋಡಾದ ನೀರಿನಲ್ಲಿ ಆಕೆ ಮೆತ್ತನೆಯ ಬ್ರಷ್ಷಿನಿಂದ ತೊಳೆದಂತೆ ಹಸಿರು ಕರಗಿ ಹೋಗಿ ನೇರಳೆ ಗೆರೆಗಳು ಮೇಲೆದ್ದವು, ಒಂದಕ್ಕೊಂದು ಸೋಕದೆ. ತಾಮ್ರ ತಿನ್ನುವ ಕಂದು ನೀರಿನಲ್ಲಿ ಅದ್ದಿ ತೆಗೆದಾಗ ಬೇಡದ ತಾಮ್ರವೆಲ್ಲ ಹೋಗಿ ಗೆರೆಗಳು ಉಳಿದವು. ಒಂದು ಕಡೆಯೂ ಕಡಿದಿರಲಿಲ್ಲ. ಆಮೇಲೆ ಬೆಸುಗೆ. ಭೂತಗನ್ನಡಿಯ ಹಿಂದೆ ಆಕೆಯ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಹೋಗಿದೆ ಎಂದಿದ್ದ ಆ ಕಣ್ಣು ಸಾಸಿವೆಯಷ್ಟು ಮಣಿಗಳನ್ನು ಇಪ್ಪತ್ತಮೂರು ಕಡೆ ಕೂರಿಸಿತು. ತಂಪಣ್ಣ ಬಗ್ಗಿ ನಿಂತು ನೋಡಿದ. ಇಷ್ಟು ವರ್ಷ ಈ ಬಚ್ಚಲುಮನೆಯ ಹೊಸ್ತಿಲಲ್ಲಿ ನಿಂತು ತಾನು ಮಾತಾಡಿದ್ದೇ ಹೆಚ್ಚು, ನೋಡಿದ್ದೇ ಕಡಿಮೆ ಎಂದು ಅವನಿಗೆ ಹೊಳೆಯಿತು. ಅದನ್ನೂ ಹೇಳಹೊರಟು, ಕೆಲಸ ನಡೆಯುತ್ತಿದೆಯೆಂದು ಬಾಯಿ ಮುಚ್ಚಿಕೊಂಡ.

ಸಂಜೆ ಟೈಲರ್ ಬಂದ. ಫ್ರಿಜ್ಜಿನ ಕತೆಯನ್ನು ತಂಪಣ್ಣ ತಾನೇ ಅವನಿಗೆ ಹೇಳಿದ, ಬೇರೆ ಯಾರಾದರೂ ತನಗಿಂತ ಚೆನ್ನಾಗಿ ಹೇಳಿಬಿಡುವ ಮೊದಲು. ಟೈಲರ್ ಯಂತ್ರವನ್ನು ಗಂಟಲಿಗೆ ಒತ್ತಿದ. ಗುಂಯ್ ಎಂದಿತು. ಹನ್ನೆರಡು ದಿನ ಕೂಡಿಟ್ಟ ಮಾತಿನಲ್ಲಿ ಮೊದಲನೆಯದನ್ನು ಹೊರಗೆ ಬಿಟ್ಟ.

"ತಂಪಣ್ಣ, ದೀಪ ಆರುತ್ತೇನಯ್ಯಾ?"

ತಂತಿಯಕ್ಕ ನಕ್ಕಿದ್ದು ಕಂಡು ತಂಪಣ್ಣನೂ ನಕ್ಕ. ಮೂವರೂ ಬೀದಿ ದಾಟಿ ಅಂಗಡಿಯ ಹಿಂದಿನ ಕೋಣೆಗೆ ಹೋದರು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಂಚದ ಪಕ್ಕದ ತಟ್ಟೆಯಲ್ಲಿ ಐದು ದಿನದ ಮಾತ್ರೆಗಳು ಹಾಗೇ ಇದ್ದವು.

"ಅಮ್ಮಾ, ನಾನು."

ಮುದುಕಿ ಹೊರಳಿದಳು. "ಎಲ್ಲೋ ಹೋಗಿದ್ದೆ ಇಷ್ಟು ದಿನ?"

"ಇಲ್ಲೇ ಇದ್ದೆ."

"ಇಲ್ಲೇ ಇದ್ನಂತೆ. ಹೇಳದೆ ಕೇಳದೆ ಹೋಗೋದು, ಬಂದ್ಮೇಲೆ ಇಲ್ಲೇ ಇದ್ದೆ ಅನ್ನೋದು." ಅವಳು ಬಾಯಿ ತೆರೆದು ಮಾತ್ರೆ ಇಸಿದುಕೊಂಡು ನೀರು ಕುಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನೀನಿಲ್ಲದಾಗ ಒಬ್ಬ ಮೂಗ ನನ್ನ ನೋಡ್ಕೊಂಡ. ಪಾಪ, ಒಳ್ಳೆಯವನು. ಅವನನ್ನ ಕೆಲಸದಿಂದ ತೆಗೀಬೇಡ."

ತೆಗೆಯುವುದಿಲ್ಲ ಎಂದು ಟೈಲರ್ ಮಾತು ಕೊಟ್ಟ. ತಂತಿಯಕ್ಕ ಸೆರಗಿನಿಂದ ಭೂತಗನ್ನಡಿ ಒರೆಸುವಂತೆ ತನ್ನ ಕಣ್ಣು ಒರೆಸಿಕೊಂಡಳು, ಅಷ್ಟೇ ಎಚ್ಚರದಿಂದ.

ಮರುದಿನವಿಡೀ ತಂಪಣ್ಣ ಫ್ರಿಜ್ಜಿನ ಎದುರು ಕಳೆದ. ರಬ್ಬರನ್ನು ಗುಂಡಿಯ ಕಡೆ ತೆಳ್ಳಗೆ ಕೆತ್ತಿದ. ಗುಂಡಿ ಹೊಸದು ಹಾಕಿದ. ಹಿತ್ತಾಳೆ ನಟ್ಟುಗಳಿಗೆ ಬೇರೆ ಡಬ್ಬಿ ಹುಡುಕಿಕೊಂಡ. ಕೊಡೆಯ ಬಟ್ಟೆಯನ್ನು ಮೂರು ಸಲ ಒಗೆದು ಒಣಗಿಸಿ ಮಡಿಚಿಟ್ಟ. ಮಧ್ಯಾಹ್ನದ ಹೊತ್ತಿಗೆ ಎದೆ ಮತ್ತೆ ಮೊದಲಿನಷ್ಟೇ ಉಬ್ಬಿತು. ಹೆಂಡತಿಯನ್ನು ಕರೆದು, ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸಿದ. ಈಗ ನಂಬಬಹುದು, ಇನ್ನು ಒಳಗೆ ಬಾವಿ ತಳವೂ ನಾಚುವ ಕತ್ತಲೆ, ಬೇಕಾದರೆ ಹೊಸ ಸುರುಳಿಯನ್ನು ಡಬ್ಬಿಯಿಲ್ಲದೆ ಇಟ್ಟು ನೋಡಲಿ ಎಂದ.

ತಂತಿಯಕ್ಕ ಬಗ್ಗಿದಳು. ಹಾಲು ಹೊರಗಿಟ್ಟಳು. ಟೊಮೆಟೊ ಬುಟ್ಟಿ ಹೊರಗಿಟ್ಟಳು. ನಡುವಿನ ತಟ್ಟೆಗಳನ್ನು ಒಂದೊಂದಾಗಿ ಎಳೆದು ಗೋಡೆಗೆ ಒರಗಿಸಿದಳು. ಬಚ್ಚಲುಮನೆಗೆ ಹೋಗಿ ತನ್ನ ಹಳೆಯ ಮಣೆಯನ್ನು ತಂದು ಖಾಲಿಯಾದ ಫ್ರಿಜ್ಜಿನೊಳಗೆ ಇಟ್ಟಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಕೂತ್ಕೊಳ್ಳಿ. ಹದಿನೈದು ನಿಮಿಷ ಬಿಟ್ಟು ಬಾಗಿಲು ತೆಗೀತೀನಿ, ನೋಡಿದ್ದು ಹೇಳಿ."